ಬೆನ್ನೆಲುಬಿನ ಮಣಿಗಳು ಚಪ್ಪಟೆ ಎಂಬ ವರದಿ: ರೇಡಿಯಾಲಜಿ ವೈದ್ಯೆಗೆ ಪ್ರಶ್ನೆಗಳು

ಮಗುವಿನ ತಾಯಿ: ನನ್ನ 4 ವರ್ಷದ ಮಗನ ಎಕ್ಸ್‌ರೇಯಲ್ಲಿ ಬೆನ್ನಿನ ಎಲ್ಲ ಮಣಿಗಳೂ ಚಪ್ಪಟೆಯಾಗಿದ್ದು, ನಡುವೆ ಮುಂದಕ್ಕೆ ಕೊಕ್ಕಿನಂತೆ ಚಾಚಿವೆ ಎಂದು ಬರೆದಿದ್ದಾರೆ. ಅವನ ಎದೆ ಉಬ್ಬಿದೆ, ಮೊಣಕಾಲುಗಳು ತಾಗುತ್ತವೆ, ಮಣಿಕಟ್ಟು ಸಡಿಲವಾಗಿದೆ. ಎಣ್ಣೆ ಹಚ್ಚಿ ಕತ್ತು ಎಳೆದರೆ ಮಣಿಗಳು ಬಿಡಿಸಿಕೊಳ್ಳುತ್ತವೆ ಎಂಬ ಸಂದೇಶ ಬಂದಿದೆ. ಮಾಡಿಸಬಹುದೇ?

ವೈದ್ಯೆ: ಬೇಡ, ಯಾರಿಗೂ ಅವನ ಕತ್ತು ಮುಟ್ಟಲು ಬಿಡಬೇಡಿ. ಚಿತ್ರ ನೋಡದೆ ರೋಗದ ಹೆಸರು ಹೇಳಲಾರೆ, ಆದರೆ ನೀವು ಬರೆದ ಲಕ್ಷಣಗಳು ಮೊರ್ಕಿಯೊ ಕಾಯಿಲೆಯನ್ನು ಹೋಲುತ್ತವೆ. ಅದರಲ್ಲಿ ಕೆರಾಟನ್ ಸಲ್ಫೇಟ್ ಎಂಬ ಉದ್ದನೆಯ ಸಕ್ಕರೆ ಸರಪಳಿಯನ್ನು ಒಡೆಯುವ ಕಿಣ್ವದ ಕೊರತೆಯಿಂದ ಆ ವಸ್ತು ಮೃದ್ವಸ್ಥಿಯಲ್ಲಿ ಶೇಖರವಾಗಿ ಮೂಳೆಯ ಬೆಳವಣಿಗೆ ಕೆಡುತ್ತದೆ. ಬುದ್ಧಿಶಕ್ತಿ ಸಾಮಾನ್ಯವಾಗಿ ಕುಂದುವುದಿಲ್ಲ. ನನ್ನ ಚಿಂತೆ ಬೆನ್ನಿಗಿಂತ ಕತ್ತಿನದು. ಎರಡನೆಯ ಮಣಿಯ ಹಲ್ಲಿನಂಥ ಚಾಚು ಬೆಳೆಯದಿದ್ದರೆ ಮೇಲಿನ ಮಣಿ ಜಾರಿ ಬೆನ್ನುಹುರಿಯನ್ನು ಒತ್ತಬಲ್ಲದು, ಅಂಥ ಕತ್ತನ್ನು ಎಳೆದರೆ ಕೈಕಾಲುಗಳ ಸ್ವಾಧೀನವೇ ತಪ್ಪಬಹುದು. ವಂಶವಾಹಿ ರೋಗಗಳ ತಜ್ಞರಲ್ಲಿ ಕಿಣ್ವದ ರಕ್ತಪರೀಕ್ಷೆ ಮಾಡಿಸಿ. ಮೂತ್ರಪರೀಕ್ಷೆ ಸಹಜವಾಗಿ ಬಂದರೂ ಈ ಕಾಯಿಲೆ ಇಲ್ಲವೆನ್ನಲಾಗದು. ಅರಿವಳಿಕೆ ಕೊಡಬೇಕಾದರೆ ಆ ವೈದ್ಯರಿಗೆ ಕತ್ತಿನ ವಿಷಯವನ್ನು ಮೊದಲೇ ತಿಳಿಸಿ. ಇದೇ ಕಾಯಿಲೆಯ ಎ ಬಗೆಗೆ 2014ರಿಂದ ಕಿಣ್ವದ ಚಿಕಿತ್ಸೆ ಇದೆ, ಆದರೆ ಅದು ಕೆಟ್ಟ ಮೂಳೆಯನ್ನು ಸರಿಪಡಿಸುವುದಿಲ್ಲ.

ಸದಸ್ಯ 2: 70 ವರ್ಷದ ನನ್ನ ತಂದೆಗೆ ಒಂದೇ ಮಣಿ ಮುಂಭಾಗದಲ್ಲಿ ಕುಸಿದಿದೆ. ಅದೂ ಇದೇ ಕಾಯಿಲೆಯೇ?

ವೈದ್ಯೆ: ಅಲ್ಲ. ಈ ವಯಸ್ಸಿನಲ್ಲಿ ಟೊಳ್ಳಾದ ಮೂಳೆಯ ಮುರಿತವೇ ಹೆಚ್ಚು. ಮಣಿಯ ಹಿಂಬದಿಯ ಅಂಚು ಉಬ್ಬಿದ್ದರೆ ಅಥವಾ ಪೆಡಿಕಲ್ (ಮಣಿಯ ಮುಂಭಾಗವನ್ನು ಹಿಂಭಾಗಕ್ಕೆ ಜೋಡಿಸುವ ಮೂಳೆಯ ಕೊಂಡಿ) ಕಾಣೆಯಾಗಿದ್ದರೆ ಕ್ಯಾನ್ಸರನ್ನು ಶಂಕಿಸಬೇಕು.

ಸದಸ್ಯೆ 3: 7 ವರ್ಷದ ಮಗಳಿಗೆ ಒಂದೇ ಮಣಿ ಬಿಲ್ಲೆಯಷ್ಟು ತೆಳುವಾಗಿದೆ.

ವೈದ್ಯೆ: ಇದನ್ನು ವರ್ಟಿಬ್ರಾ ಪ್ಲಾನಾ ಎನ್ನುತ್ತಾರೆ. 1925ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಕಾಲ್ವೆ ಇದನ್ನು ಬಣ್ಣಿಸಿದಾಗ ಮೂಳೆಯ ಪೋಷಣೆಯ ದೋಷವೆಂದು ಭಾವಿಸಿದ್ದರು. ಮಕ್ಕಳಲ್ಲಿ ಹೆಚ್ಚಾಗಿ ಕಾರಣ ಲ್ಯಾಂಗರ್‌ಹಾನ್ಸ್ ಕೋಶಗಳ ಕಾಯಿಲೆ (ಒಂದು ಬಗೆಯ ರೋಗನಿರೋಧಕ ಕೋಶಗಳು ಮಿತಿಮೀರಿ ಹೆಚ್ಚುವುದು) ಎಂದು ಈಗ ಗೊತ್ತಿದೆ. ಅದರಲ್ಲಿ ಮಣಿಗಳ ನಡುವಿನ ಮೆತ್ತೆಗಳಾದ ಮೇಲಿನ ಮತ್ತು ಕೆಳಗಿನ ಡಿಸ್ಕ್‌ಗಳು ಉಳಿದಿರುತ್ತವೆ, ಮಣಿಯ ಎತ್ತರವೂ ಬೆಳೆಯುತ್ತಾ ಎಷ್ಟೋ ಮರಳಬಹುದು. ಆದರೆ ರಕ್ತದ ಕ್ಯಾನ್ಸರ್ ಮತ್ತು ಯೂಯಿಂಗ್ ಗೆಡ್ಡೆ ಎಂಬ ಮೂಳೆಯ ಕ್ಯಾನ್ಸರ್ ಹೀಗೆಯೇ ಕಾಣಬಲ್ಲವು, ಆದ್ದರಿಂದ ಮಕ್ಕಳ ಕ್ಯಾನ್ಸರ್ ತಜ್ಞರನ್ನು ಕಾಣಲೇಬೇಕು. ಡಿಸ್ಕ್ ಕೂಡ ಹಾಳಾಗಿದ್ದರೆ ಕ್ಷಯದಂಥ ಸೋಂಕನ್ನು ಶಂಕಿಸುತ್ತೇವೆ.

ಸದಸ್ಯ 4: ನನ್ನ ಅಕ್ಕ ಸ್ಟಿರಾಯ್ಡ್ ಮಾತ್ರೆಗಳನ್ನು ವರ್ಷಗಳಿಂದ ಸೇವಿಸುತ್ತಿದ್ದಾರೆ. ಅವರ ಮಣಿಗಳೂ ಕುಸಿಯಬಹುದೇ?

ಸದಸ್ಯ 5: ಕಂಬಿಗೆ ಜೋತುಬೀಳಿ. ನನ್ನ ಬೆನ್ನುನೋವು ಅದರಿಂದಲೇ ಹೋಯಿತು.

ಸದಸ್ಯೆ 6: ನೋವು ಹೋದರೆ ಮಣಿ ಎತ್ತರವಾಯಿತೆಂದು ಅರ್ಥವೇ? ಇಲ್ಲಿ ಮಕ್ಕಳ ತಾಯಂದಿರು ಓದುತ್ತಿದ್ದಾರೆ.

ಸದಸ್ಯ 5: ನನ್ನ ಅನುಭವ ಹೇಳಲು ನಿಮ್ಮ ಅನುಮತಿ ಬೇಕೆ? ನೀವೇನು ವೈದ್ಯರೇ?

ಸದಸ್ಯೆ 6: ಅಲ್ಲ. ಅದಕ್ಕೇ ಸಲಹೆ ಕೊಡುತ್ತಿಲ್ಲ.

ವೈದ್ಯೆ: ಸದಸ್ಯ 5, ದಯವಿಟ್ಟು ಆ ಸಲಹೆಯನ್ನು ಅಳಿಸಿ. ಮುರಿದ ಮಣಿಯುಳ್ಳವರು ಅದನ್ನು ಪಾಲಿಸಿದರೆ ಆಗುವ ಹಾನಿಗೆ ನೀವಾಗಲಿ ನಾನಾಗಲಿ ಹೊಣೆ ಹೊರಲಾರೆವು.

ಸದಸ್ಯೆ 7: ಚಪ್ಪಟೆ ಮಣಿಗೆ ಕ್ಯಾಲ್ಸಿಯಂ ಮಾತ್ರೆ ಸಾಕೇ?

ವೈದ್ಯೆ: ಸಾಲದು. ಮೊದಲು ಕಾರಣ ತಿಳಿಯಬೇಕು. ಮೇಲಿನ ಉತ್ತರಗಳನ್ನು ಓದಿ.

ಸದಸ್ಯ 8: ಯಾವ ಕಂಪನಿಯ ಕ್ಯಾಲ್ಸಿಯಂ ಒಳ್ಳೆಯದು?

ಮಗುವಿನ ತಾಯಿ: ಮೇಡಂ, ಒಂದು ವಿಷಯ ಬಿಟ್ಟಿದ್ದೆ. ಕಳೆದ ತಿಂಗಳಿಂದ ಅವನು ಆಗಾಗ ಎಡವುತ್ತಾನೆ, ಮೊದಲಿನಷ್ಟು ದೂರ ನಡೆಯುವುದಿಲ್ಲ.

ವೈದ್ಯೆ: ಇದನ್ನೇ ಮೊದಲು ಹೇಳಬೇಕಿತ್ತು. ಬೆನ್ನುಹುರಿ ಒತ್ತುತ್ತಿರುವ ಸೂಚನೆ ಇರಬಹುದು. ರಕ್ತಪರೀಕ್ಷೆಗೆ ಕಾಯಬೇಡಿ, ನರಶಸ್ತ್ರ ತಜ್ಞರಿರುವ ಆಸ್ಪತ್ರೆಗೆ ಇಂದೇ ಕರೆದೊಯ್ಯಿರಿ, ಕತ್ತಿನ ಎಂಆರ್‌ಐ ಬೇಕೆಂದು ಹೇಳಿ. ಎತ್ತಿಕೊಳ್ಳುವಾಗ ತಲೆ ಹಿಂದಕ್ಕೆ ಬೀಳದಂತೆ ಹಿಡಿಯಿರಿ.