ಮಳೆಗಾಲದಲ್ಲಿ ಗೋಬರ್ ಗ್ಯಾಸ್ ಉರಿ ಕುಣಿದು ಆರಿಹೋಗುತ್ತಿದೆ: ಗುಂಡಿ ಖಾಲಿ ಮಾಡಿಸಲೇಬೇಕೇ?

ಹೊಳೆದಂಡೆ (ಸಾಗರ ತಾಲ್ಲೂಕು)

ನಮ್ಮ ಮನೆಯಲ್ಲಿ ದಿನಕ್ಕೆ 2 ಘನ ಮೀಟರ್ ಅನಿಲ ಕೊಡುವ ಸಾಮರ್ಥ್ಯದ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಗುಂಡಿ ಇದ್ದು, ಹಲವು ವರ್ಷಗಳಿಂದ ಐದು ಜನರ ಅಡುಗೆಯ ಬಹುಪಾಲು ಅದರಲ್ಲಿಯೇ ನಡೆದಿದೆ. ಈ ವರ್ಷ ಆರಿದ್ರ ಮಳೆ ಹಿಡಿದಂದಿನಿಂದ ಒಲೆಯ ಉರಿ ನಿಲ್ಲುತ್ತಿಲ್ಲ. ಹಚ್ಚಿದ ಸ್ವಲ್ಪ ಹೊತ್ತು ನೀಲಿಯಾಗಿಯೇ ಉರಿದು, ಆಮೇಲೆ ಒಮ್ಮೆ ಎದ್ದು ಒಮ್ಮೆ ಕುಗ್ಗುತ್ತಾ ಕುಣಿದು, ಕೊನೆಗೆ ತಾನಾಗಿ ಆರಿಹೋಗುತ್ತದೆ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಒಂದು ಗಂಟೆ ಉರಿದರೆ ಅದೇ ಹೆಚ್ಚು.

ಕೊಟ್ಟಿಗೆಯಲ್ಲಿ ಎರಡು ಜರ್ಸಿ ಮಿಶ್ರತಳಿಯ ಹಸುಗಳೂ ಎರಡು ಮಲೆನಾಡು ಗಿಡ್ಡಗಳೂ ಇವೆ. ಗಿಡ್ಡಗಳು ಹಗಲು ಬೆಟ್ಟಕ್ಕೆ ಮೇಯಲು ಹೋಗುತ್ತವೆ. ಕಳೆದ ಬೇಸಿಗೆಯಲ್ಲಿ ಕೊಟ್ಟಿಗೆಗೆ ಕಾಂಕ್ರೀಟ್ ನೆಲ ಹಾಕಿಸಿದ್ದೇವೆ. ತೊಳೆಯಲು ಮೋಟಾರಿನ ಪೈಪು ಬಂದಿದೆ, ತೊಳೆದ ನೀರು ಹೊಸ ಚರಂಡಿಯ ಮೂಲಕ ಸಗಣಿ ಕದಡುವ ತೊಟ್ಟಿಗೆ ಹೋಗುತ್ತದೆ. ಗುಂಡಿಯ ತಳದಲ್ಲಿ ಕಸ ಹೂತಿದೆಯೆಂದೂ, ಎಲ್ಲವನ್ನೂ ಖಾಲಿ ಮಾಡಿ ಒಳಗಿನಿಂದ ಮತ್ತೆ ಗಿಲಾವು ಮಾಡದೆ ದಾರಿಯಿಲ್ಲವೆಂದೂ ಊರಿನ ಮೇಸ್ತ್ರಿ ಹೇಳುತ್ತಾರೆ. ಈ ಮಳೆಯಲ್ಲಿ ಆ ಕೆಲಸಕ್ಕೆ ಇಳಿಯುವ ಮೊದಲು ಬೇರೇನನ್ನಾದರೂ ಪರೀಕ್ಷಿಸಬಹುದೇ ಎಂದು ತಿಳಿದವರು ಹೇಳಬೇಕು.

ಬಯಲುಸೀಮೆ (ತುಮಕೂರು)

ನಮ್ಮಲ್ಲಿ ಒತ್ತಡ ಕಡಿಮೆಯಾದಾಗ ಡ್ರಮ್ಮಿನ ಮೇಲೆ ನಾಲ್ಕು ಕಲ್ಲು ಹೇರುತ್ತೇವೆ. ಉರಿ ಕೂಡಲೇ ಚುರುಕಾಗುತ್ತದೆ. ಡ್ರಮ್ಮು ಒಂದು ಪಕ್ಕಕ್ಕೆ ವಾಲಿ ಸಿಕ್ಕಿಕೊಂಡಿದ್ದರೂ ಹೀಗಾಗುತ್ತದೆ, ಒಮ್ಮೆ ತಿರುಗಿಸಿ ನೋಡಿ.

ಗುಮ್ಮಟ (ಶಿರಸಿ)

ಬಯಲುಸೀಮೆಯವರು ಹೇಳಿದ್ದು ತೇಲುವ ಡ್ರಮ್ಮಿನ ಖಾದಿ ಆಯೋಗದ ಮಾದರಿಗೆ ಸರಿ. ದೀನಬಂಧುವಿನಲ್ಲಿ ಡ್ರಮ್ಮೇ ಇಲ್ಲ. 1984ರಲ್ಲಿ ಅಫ್‌ಪ್ರೋ (AFPRO) ಎಂಬ ಸ್ವಯಂಸೇವಾ ಸಂಸ್ಥೆ ಅದನ್ನು ರೂಪಿಸಿದ್ದೇ ಕಡಿಮೆ ಖರ್ಚಿನಲ್ಲಿ ಇಟ್ಟಿಗೆ ಸಿಮೆಂಟಿನಲ್ಲಿ ಮುಗಿಸಲೆಂದು. ಅಲ್ಲಿ ಅನಿಲವು ಗುಮ್ಮಟದಲ್ಲಿ ಸೇರಿದಂತೆ ಒಳಗಿನ ಬಗ್ಗಡವನ್ನು ಕೆಳಕ್ಕೊತ್ತಿ ಹೊರತೊಟ್ಟಿಗೆ ಏರಿಸುತ್ತದೆ, ಹಾಗೆ ಏರಿದ ಬಗ್ಗಡದ ತೂಕವೇ ಅನಿಲವನ್ನು ಒಲೆಗೆ ತಳ್ಳುತ್ತದೆ. ಆದ್ದರಿಂದ ಅದರ ಒತ್ತಡ ಡ್ರಮ್ಮಿನದರಂತೆ ಒಂದೇ ಸಮ ಇರುವುದಿಲ್ಲ; ಗುಮ್ಮಟ ತುಂಬಿದ್ದಾಗ 90 ಸೆಂ.ಮೀ. ನೀರಿನ ಎತ್ತರದಷ್ಟಿದ್ದು, ಉರಿಸುತ್ತಾ ಹೋದಂತೆ ಇಳಿಯುತ್ತದೆ.

ಹೊಳೆದಂಡೆಯವರೇ, ಗುಂಡಿ ಖಾಲಿ ಮಾಡಿಸುವ ಮಾತನ್ನು ಸದ್ಯ ಬದಿಗಿಡಿ. ಅನಿಲ ಹುಟ್ಟುತ್ತಿಲ್ಲವೋ ಅಥವಾ ಹುಟ್ಟಿದ್ದು ಒಲೆಗೆ ತಲುಪುತ್ತಿಲ್ಲವೋ ಎಂಬುದನ್ನು ಬೇರ್ಪಡಿಸದೆ ಯಾವ ದುರಸ್ತಿಗೂ ಕೈಹಾಕಬಾರದು, ಮತ್ತು ಗುಂಡಿ ಬಿಚ್ಚುವುದು ಯಾವಾಗಲೂ ಕೊನೆಯದು. ಇದಕ್ಕೆ ಬೇಕಾದ ಉಪಕರಣ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪು ಮಾತ್ರ. ಮೂರು ಮೀಟರಿನಷ್ಟು ಪೈಪನ್ನು ಒಂದು ಹಲಗೆಗೆ ‘ಯು’ ಆಕಾರದಲ್ಲಿ ಕಟ್ಟಿ ಅರ್ಧದವರೆಗೆ ನೀರು ತುಂಬಿ. ಒಂದು ತುದಿಯನ್ನು ಅನಿಲದ ಕೊಳವೆಗೆ ಸೇರಿಸಿ ಇನ್ನೊಂದನ್ನು ತೆರೆದಿಟ್ಟರೆ ಎರಡು ಕಾಲುಗಳ ನೀರಿನ ಮಟ್ಟಕ್ಕೆ ಇರುವ ವ್ಯತ್ಯಾಸವೇ ಒತ್ತಡ. ಕಾಲುಗಳು ಗಿಡ್ಡವಾದರೆ ನೀರು ಚಿಮ್ಮಿಹೋಗಿ ಅನಿಲ ಹೊರಬರುತ್ತದೆ, ಹಾಗಾಗಿ ಒಂದೊಂದೂ ಒಂದು ಮೀಟರಿಗಿಂತ ಎತ್ತರವಿರಲಿ. ಹತ್ತಿರದಲ್ಲಿ ದೀಪ, ಬೀಡಿ ಯಾವುದೂ ಬೇಡ.

ಮೊದಲು ರಾತ್ರಿ ಗುಮ್ಮಟದ ಮೇಲಿನ ವಾಲ್ವ್ ಮುಚ್ಚಿ, ಬೆಳಿಗ್ಗೆ ಯಾರೂ ಒಲೆ ಹಚ್ಚುವ ಮುನ್ನ ಆ ವಾಲ್ವಿನ ಬಳಿಯೇ ಒತ್ತಡವನ್ನು ಅಳೆದು ಬರೆದಿಡಿ. ಅನಂತರ ಪೈಪನ್ನು ಅಡುಗೆಮನೆಗೆ ತಂದು ಒಲೆಯ ಹಿಂದೆ ಜೋಡಿಸಿ, ವಾಲ್ವ್ ತೆರೆದು ಕೊಳವೆಗೆ ಒತ್ತಡ ಬಂದಮೇಲೆ ಮತ್ತೆ ಮುಚ್ಚಿ, ಒಲೆಯ ನಲ್ಲಿಯೂ ಮುಚ್ಚಿರುವಾಗ ಹತ್ತು ನಿಮಿಷ ಕಾಯಿರಿ. ನೀರಿನ ಮಟ್ಟ ಇಳಿದರೆ ಕೊಳವೆಯಲ್ಲೋ ಜೋಡಣೆಯಲ್ಲೋ ಸೋರಿಕೆಯಿದೆ. ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವ ಜಾಗವನ್ನು ಹುಡುಕಿ, ಬೆಂಕಿಕಡ್ಡಿಯಿಂದ ಎಂದಿಗೂ ಬೇಡ. ಮೂರನೆಯದಾಗಿ, ವಾಲ್ವ್ ತೆರೆದು ಒಲೆ ಉರಿಯುತ್ತಿರುವಾಗ ನೀರಿನ ಮಟ್ಟ ಮೇಲೆ ಕೆಳಗೆ ತುಯ್ಯುತ್ತದೆಯೇ ನೋಡಿ.

ಗುಮ್ಮಟದ ಮೇಲಿನ ಮಣ್ಣಿನಲ್ಲಿ ಮಳೆನೀರು ನಿಂತಿದ್ದರೆ ಅಲ್ಲಿ ಗುಳ್ಳೆ ಏಳುತ್ತಿದೆಯೇ ಎಂಬುದನ್ನೂ ಗಮನಿಸಿ. ಬಿರುಕು ಹುಡುಕಲು ಮಳೆಗಾಲದಷ್ಟು ಅನುಕೂಲದ ಕಾಲ ಬೇರೆ ಇಲ್ಲ.

ತೋಟದಮನೆ (ತೀರ್ಥಹಳ್ಳಿ)

ಉರಿಯ ಬಣ್ಣವನ್ನೂ ತಿಳಿಸಿ. ಹಳದಿಯಾಗಿ ಉರಿದು ಪಾತ್ರೆಗೆ ಮಸಿ ಹಿಡಿದರೆ ಗಾಳಿ ಸಾಲದು, ಬರ್ನರಿನ ಗಾಳಿಕಿಂಡಿಯನ್ನು ತೆರೆಯಬೇಕು. ಉರಿ ಬರ್ನರಿನಿಂದ ಮೇಲಕ್ಕೆ ಹಾರಿ ನಿಂತರೆ ಗಾಳಿ ಹೆಚ್ಚಾಗಿದೆ. ಒತ್ತಡ ಚೆನ್ನಾಗಿದ್ದೂ ಕಡ್ಡಿ ಗೀರಿದರೆ ಹೊತ್ತಿಕೊಳ್ಳದಿದ್ದರೆ ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ ಮಿತಿಮೀರಿದೆ, ಅಂದರೆ ಗುಂಡಿ ಹುಳಿಯಾಗಿದೆ. ಆಗ ಹೊರತೊಟ್ಟಿಯ ಬಗ್ಗಡಕ್ಕೂ ಹುಳಿನಾತ ಬರುತ್ತದೆ. ಕೊಟ್ಟಿಗೆ ತೊಳೆಯಲು ಫಿನಾಯಿಲ್ ಅಥವಾ ಬ್ಲೀಚಿಂಗ್ ಪೌಡರ್ ಬಳಸುತ್ತೀರಾ? ಯಾವುದಾದರೂ ಹಸುವಿಗೆ ಕೆಚ್ಚಲು ಬಾವಿಗೆ ಔಷಧಿ ಕೊಟ್ಟಿದ್ದಿರಾ? ಇವೆರಡೂ ಒಳಗಿನ ಸೂಕ್ಷ್ಮಜೀವಿಗಳಿಗೆ ಹಾನಿಕರ.

ಹೊಳೆದಂಡೆ

ಇಬ್ಬರಿಗೂ ವಂದನೆಗಳು. ಫಿನಾಯಿಲ್ ಬಳಸುವುದಿಲ್ಲ, ಇತ್ತೀಚೆಗೆ ಯಾವ ಹಸುವಿಗೂ ಔಷಧಿ ನಡೆದಿಲ್ಲ, ಉರಿ ಇದ್ದಷ್ಟು ಹೊತ್ತು ನೀಲಿಯೇ. ಬೆಳಿಗ್ಗೆ ಗುಮ್ಮಟದ ಬಳಿ ಒತ್ತಡ 40 ಸೆಂ.ಮೀ. ಇತ್ತು. ಅಡುಗೆಮನೆಯಲ್ಲಿ ವಾಲ್ವ್ ಮುಚ್ಚಿ ಕಾದಾಗ ಮಟ್ಟ ಇಳಿಯಲಿಲ್ಲ. ಒಲೆ ಹಚ್ಚಿದ ಮೇಲೆ ಮಾತ್ರ ನೀರು ಒಂದೇ ಸಮನೆ ತುಯ್ದಾಡಿತು, ಉರಿಯೂ ಅದೇ ತಾಳಕ್ಕೆ ಕುಣಿಯಿತು. ವಿಚಿತ್ರವೆಂದರೆ, ಒಲೆ ತಾನಾಗಿ ಆರಿದ ಮೇಲೆ ಗುಮ್ಮಟದ ಬಳಿ ಮತ್ತೆ ಅಳೆದರೆ ಅಲ್ಲಿ ಇನ್ನೂ 15 ಸೆಂ.ಮೀ. ಉಳಿದಿತ್ತು! ಗುಮ್ಮಟದ ಮೇಲೆ ಗುಳ್ಳೆಗಳು ಕಾಣಲಿಲ್ಲ.

ಗುಮ್ಮಟ

ಅದು ವಿಚಿತ್ರವಲ್ಲ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ. ಕೊಳವೆಯಲ್ಲಿ ಎಲ್ಲೋ ತಗ್ಗಿದ್ದು ಅಲ್ಲಿ ನೀರು ನಿಂತಿದೆ. ಗುಂಡಿಯಿಂದ ಬರುವ ಅನಿಲ ಹಬೆಯಿಂದ ತೇವವಾಗಿರುತ್ತದೆ. ಮಳೆಗಾಲದಲ್ಲಿ ತಣ್ಣಗಿರುವ ಕೊಳವೆಯನ್ನು ಹೊಕ್ಕಾಗ ಆ ತೇವ ನೀರಾಗಿ ಇಳಿದು ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಅನಿಲ ಆ ನೀರನ್ನು ಗುಳುಗುಳು ಎಂದು ದಾಟುವಾಗ ಉರಿ ಕುಣಿಯುತ್ತದೆ. ತಗ್ಗಿನಲ್ಲಿ 15 ಸೆಂ.ಮೀ. ಎತ್ತರದ ನೀರಿದ್ದರೆ, ಗುಮ್ಮಟದ ಒತ್ತಡ 15ಕ್ಕೆ ಇಳಿದ ಕೂಡಲೇ ಅನಿಲಕ್ಕೆ ದಾಟಲು ಶಕ್ತಿ ಸಾಲದೆ ಒಲೆ ಆರುತ್ತದೆ, ಗುಂಡಿಯಲ್ಲಿ ಅನಿಲ ಉಳಿದಿರುತ್ತದೆ. ಹೊಸ ಚರಂಡಿ ತೆಗೆಸಿದಾಗ ಕೊಳವೆಯನ್ನು ಅದರಡಿ ಇಳಿಸಿದ್ದಾರೆಯೇ ನೋಡಿ.

ತಗ್ಗನ್ನು ಎತ್ತಲು ಸಾಧ್ಯವಾದರೆ ಎತ್ತಿ, ಮೀಟರಿಗೆ ಒಂದು ಸೆಂಟಿಮೀಟರಿನಂತೆ ಇಳಿಜಾರು ಬರುವ ಹಾಗೆ ಕೊಳವೆಯನ್ನು ಮತ್ತೆ ಹಾಸಿ. ಸಾಧ್ಯವಾಗದಿದ್ದರೆ ಅತ್ಯಂತ ತಗ್ಗಿನ ಜಾಗದಲ್ಲಿ ಒಂದು ಟೀ (ಮೂರು ಬಾಯಿಯ ಪೈಪು ಜೋಡಣೆ) ಜೋಡಿಸಿ, ಕೆಳಮುಖವಾಗಿ ಒಂದು ಗೇಣು ಕೊಳವೆ ಬಿಟ್ಟು, ಅದರ ತುದಿಗೆ ಸಣ್ಣ ನಲ್ಲಿ ಹಾಕಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆರೆದು ನೀರು ಬಸಿಯಿರಿ, ಅನಿಲದ ಶಬ್ದ ಕೇಳಿದ ಕೂಡಲೇ ಮುಚ್ಚಿರಿ. ಡ್ರಮ್ಮಿನ ಮಾದರಿಗೆ ಮಾಡುವಂತೆ ನೀರು ತುಂಬಿದ ಬಾಟಲಿಯಲ್ಲಿ ಕೊಳವೆಯ ತುದಿಯನ್ನು ಅದ್ದಿಡುವ ಉಪಾಯ ಇಲ್ಲಿ ನಡೆಯದು, ಏಕೆಂದರೆ ದೀನಬಂಧುವಿನ ಪೂರ್ಣ ಒತ್ತಡವನ್ನು ತಡೆಯಲು ಒಂದು ಮೀಟರಿಗಿಂತ ಆಳದ ನೀರು ಬೇಕು. ನಲ್ಲಿ ಕೊಳ್ಳುವಾಗ ಅಗ್ಗದ ಹಿತ್ತಾಳೆಯದನ್ನು ತರಬೇಡಿ; ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಅದನ್ನು ಬೇಗ ತಿನ್ನುತ್ತದೆ, ಪ್ಲಾಸ್ಟಿಕ್ ಬಾಲ್ ವಾಲ್ವ್ ಬಾಳಿಕೆ ಬರುತ್ತದೆ.

ಹೊಳೆದಂಡೆ

ಚರಂಡಿಯಡಿಯಲ್ಲೇ ಕೊಳವೆ ಜೋತುಬಿದ್ದಿತ್ತು. ಟೀ ಮತ್ತು ನಲ್ಲಿ ಹಾಕಿಸಿ ತೆರೆದಾಗ ಒಂದು ಚೊಂಬಿಗಿಂತ ಹೆಚ್ಚು ನೀರು ಬಂತು. ಈಗ ಉರಿ ನಿಂತು ಉರಿಯುತ್ತದೆ. ಆದರೂ ಎರಡು ಗಂಟೆಗೆ ಮುಗಿದುಹೋಗುತ್ತದೆ. ಮೊದಲು ಬೆಳಿಗ್ಗೆ ಸಂಜೆ ಎರಡೂ ಹೊತ್ತಿನ ಅಡುಗೆಗೆ ಸಾಲುತ್ತಿತ್ತು.

ಗುಮ್ಮಟ

ಉಳಿದ ಅರ್ಧಕ್ಕೆ ಲೆಕ್ಕ ಮಾಡೋಣ. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 0.04 ಘನ ಮೀಟರ್ ಅನಿಲ ಸಿಗುತ್ತದೆ. 2 ಘನ ಮೀಟರ್ ಗುಂಡಿಗೆ ದಿನಕ್ಕೆ 50 ಕೆ.ಜಿ. ಸಗಣಿ ಬೇಕೆನ್ನುವುದು ಈ ಲೆಕ್ಕದಿಂದಲೇ. ನಿಮ್ಮ ಎರಡು ಮಿಶ್ರತಳಿ ಹಸುಗಳ ಸಗಣಿ 20ರಿಂದ 25 ಕೆ.ಜಿ. ಇರಬಹುದು. ಗಿಡ್ಡಗಳದು ಮೊದಲೇ ಕಡಿಮೆ, ಅದರಲ್ಲೂ ಹಗಲಿನದು ಬೆಟ್ಟದ ಪಾಲು. ಒಟ್ಟು 30 ಕೆ.ಜಿ. ಎಂದಿಟ್ಟುಕೊಂಡರೂ ಸಿಗಬೇಕಾದದ್ದು 1.2 ಘನ ಮೀಟರ್, ಗಂಟೆಗೆ 0.225 ಘನ ಮೀಟರ್ ತಿನ್ನುವ ಸಣ್ಣ ಬರ್ನರಿನಲ್ಲಿ ಅದು ಐದು ಗಂಟೆಗೆ ಬರುತ್ತದೆ. ಮಳೆಗಾಲದ ತಂಪಿಗೆ ಒಂದು ಭಾಗವನ್ನು ಕಳೆದರೂ ಎರಡು ಗಂಟೆ ತೀರಾ ಕಡಿಮೆ.

ನನ್ನ ಅನುಮಾನ ನಿಮ್ಮ ಮೋಟಾರಿನ ಪೈಪಿನ ಮೇಲೆ. ಈ ಗುಂಡಿಯನ್ನು ದಿನಕ್ಕೆ 50 ಕೆ.ಜಿ. ಸಗಣಿ ಮತ್ತು ಅಷ್ಟೇ ನೀರು, ಅಂದರೆ ಸುಮಾರು 100 ಲೀಟರ್ ಬಗ್ಗಡ ಒಳಗೆ 40 ದಿನ ಉಳಿಯಲೆಂದು ಕಟ್ಟಿರುತ್ತಾರೆ. ಮೋಟಾರಿನ ನೀರನ್ನು ಹತ್ತು ನಿಮಿಷ ಬಿಟ್ಟರೆ ಇನ್ನೂರು ಲೀಟರ್ ಸುಲಭವಾಗಿ ಹರಿಯುತ್ತದೆ, ಮೇಲೆ ಮಳೆನೀರು ಬೇರೆ. ದಿನಕ್ಕೆ 280 ಲೀಟರ್ ಒಳಹೋದರೆ ಹದಿನಾಲ್ಕು ದಿನಕ್ಕೆ ಅಷ್ಟೂ ಬಗ್ಗಡ ಹೊರಬಿದ್ದಿರುತ್ತದೆ. ಮೀಥೇನ್ ಹುಟ್ಟಿಸುವ ಸೂಕ್ಷ್ಮಜೀವಿಗಳು ನಿಧಾನವಾಗಿ ವೃದ್ಧಿಸುವಂಥವು. ಅವು ಬೆಳೆಯುವ ಮೊದಲೇ ನೀರಿನೊಂದಿಗೆ ತೋಟಕ್ಕೆ ಹರಿದುಹೋಗುತ್ತಿವೆ, ಅರೆಬೆಂದ ಸಗಣಿಯೂ ಅವುಗಳ ಜೊತೆಗೆ. ಹೊರತೊಟ್ಟಿಯ ಬಗ್ಗಡ ನೀರಾಗಿದ್ದು, ಹಸಿ ಸಗಣಿಯ ವಾಸನೆಯನ್ನೇ ಉಳಿಸಿಕೊಂಡು ನೊಣಗಳನ್ನು ಕರೆಯುತ್ತಿದ್ದರೆ ಇದೇ ಕಾರಣವೆಂದು ತಿಳಿಯಿರಿ. ಚೆನ್ನಾಗಿ ಜೀರ್ಣವಾದ ಬಗ್ಗಡಕ್ಕೆ ನಾತವೂ ಕಡಿಮೆ, ನೊಣವೂ ಕಡಿಮೆ.

ಮಾಡಬೇಕಾದದ್ದು ಇಷ್ಟೇ: ಮೊದಲು ಸಗಣಿಯನ್ನು ಕೈಯಿಂದ ಎತ್ತಿ ತೊಟ್ಟಿಗೆ ಹಾಕಿ, ಬಕೆಟ್ಟಿನಲ್ಲಿ ಅಳೆದು ಸಮ ಪ್ರಮಾಣದ ನೀರು ಸೇರಿಸಿ, ದೋಸೆ ಹಿಟ್ಟಿನ ಹದಕ್ಕೆ ಕದಡಿ ಬಿಡಿ. ಆ ನಂತರದ ತೊಳೆದ ನೀರನ್ನು ಚರಂಡಿಯಲ್ಲಿ ಒಂದು ಹಲಗೆ ಅಡ್ಡವಿಟ್ಟು ನೇರವಾಗಿ ತೋಟಕ್ಕೆ ತಿರುಗಿಸಿ. ಕದಡುವ ತೊಟ್ಟಿಗೆ ಒಂದು ತಗಡಿನ ಮುಚ್ಚಳ ಹಾಕಿ. ಗಂಜಲ ಸ್ವಲ್ಪ ಬೆರೆತರೆ ತೊಂದರೆಯಿಲ್ಲ. ಈಗಾಗಲೇ ತೊಳೆದುಹೋದ ಜೀವಿಗಳ ಬದಲಿಗೆ, ಚೆನ್ನಾಗಿ ನಡೆಯುತ್ತಿರುವ ನೆರೆಮನೆಯ ಗುಂಡಿಯಿಂದ ಹತ್ತಾರು ಕೊಡ ಬಗ್ಗಡ ತಂದು ಸುರಿದರೆ ಚೇತರಿಕೆ ಬೇಗ.

ತೋಟದಮನೆ

ತಂಪಿನ ಬಗ್ಗೆ ಒಂದು ಮಾತು. 30–35 ಡಿಗ್ರಿಯ ಸುಮಾರಿಗೆ ಅನಿಲ ಚೆನ್ನಾಗಿ ಹುಟ್ಟುತ್ತದೆ; ನಮ್ಮ ಕಡೆಯ ಮಳೆಗಾಲದಲ್ಲಿ ಗುಂಡಿ ಅಷ್ಟು ಬೆಚ್ಚಗಿರುವುದಿಲ್ಲ. ನಾವು ಕದಡಲು ತಣ್ಣೀರಿನ ಬದಲು ಬಚ್ಚಲ ಹಂಡೆಯ ಉಗುರುಬೆಚ್ಚಗಿನ ನೀರನ್ನು ಬಳಸುತ್ತೇವೆ. ಅಡಿಕೆ ಸಿಪ್ಪೆಯಲ್ಲಿ ಹೇಗಿದ್ದರೂ ಹಂಡೆ ಕಾಯುತ್ತಿರುತ್ತದೆ, ಖರ್ಚಿಲ್ಲ. ಸ್ನಾನ ಮಾಡಿದ ಸೋಪಿನ ನೀರನ್ನು ಮಾತ್ರ ಬಿಡಬಾರದು. ಗುಮ್ಮಟದ ಮೇಲೆ ಸೊಪ್ಪು ಸಗಣಿಯ ಗೊಬ್ಬರದ ಕುಪ್ಪೆ ಹಾಕಿದರೆ ಅದು ಕೊಳೆಯುವಾಗಿನ ಬಿಸಿ ಕೆಳಗಿಳಿಯುತ್ತದೆ.

ನಿಮ್ಮ ಮೇಸ್ತ್ರಿ ಹೇಳಿದ ಕಸದ ಮಾತನ್ನು ಪೂರ್ತಿ ತಳ್ಳಿಹಾಕಲೂ ಆಗದು. ಕೊಟ್ಟಿಗೆಗೆ ಹಾಸುವ ದರಕು (ಒಣಗಿದ ಎಲೆ), ಕಟ್ಟಿದ ಹುಲ್ಲಿನ ಚೂರು ಸಗಣಿಯೊಂದಿಗೆ ಒಳಹೋದರೆ ಮೇಲೆ ತೇಲಿ ಕೆನೆಗಟ್ಟುತ್ತದೆ. ಕದಡುವ ತೊಟ್ಟಿಯ ಬಾಯಿಗೆ ಜಾಲರಿ ಇಡಿ, ಹೊರತೊಟ್ಟಿಯಿಂದ ಉದ್ದನೆಯ ಬಿದಿರಿನ ಗಳುವಿನಲ್ಲಿ ಆಗಾಗ ಕದಲಿಸಿ.

ಗುಮ್ಮಟ

ಗಳುವಿನಿಂದ ಕದಲಿಸುವುದು ಹೊರಗೆ ನಿಂತೇ ನಡೆಯಬೇಕು. ಮುಂದೆ ಯಾವಾಗಲಾದರೂ ಖಾಲಿ ಮಾಡಿಸುವ ಪ್ರಸಂಗ ಬಂದರೆ, ಬಗ್ಗಡ ತೆಗೆದ ಕೂಡಲೇ ಯಾರನ್ನೂ ಒಳಗಿಳಿಸಬೇಡಿ. ಉಳಿದ ಅನಿಲದಲ್ಲಿ ಉಸಿರಾಡಲು ಆಮ್ಲಜನಕವಿರುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಹೆಚ್ಚಿದ್ದಲ್ಲಿ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುವುದರಿಂದ ‘ನಾತ ಹೋಯಿತು’ ಎಂದು ಇಳಿದವರು ಮೇಲೆ ಬರುವುದಿಲ್ಲ, ಅವರನ್ನು ಎತ್ತಲು ಇಳಿದವರೂ ಬರುವುದಿಲ್ಲ. ದೀಪ ಇಳಿಸಿ ನೋಡುವುದೂ ಬೇಡ. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15 ಭಾಗವಿದ್ದರೆ ಕಿಡಿ ತಾಗಿದೊಡನೆ ಅದು ಸಿಡಿಯುತ್ತದೆ. ಅದು ಬೇಸಿಗೆಯಲ್ಲಿ, ಗಾಳಿ ಊದುವ ಯಂತ್ರ ಮತ್ತು ಸುರಕ್ಷಾ ಸಲಕರಣೆ ಇರುವವರಿಂದ ಮಾತ್ರ ಆಗಬೇಕಾದ ಕೆಲಸ.

ಹೊಳೆದಂಡೆ

ಮಘೆ ಮಳೆ ನಡೆಯುತ್ತಿರುವಾಗ ಬರೆಯುತ್ತಿದ್ದೇನೆ. ತೊಳೆದ ನೀರು ಈಗ ತೋಟಕ್ಕೆ ಹೋಗುತ್ತಿದೆ, ಪಕ್ಕದ ಮನೆಯವರು ಬಗ್ಗಡ ಕೊಟ್ಟರು. ಬೆಳಿಗ್ಗೆಯ ಒತ್ತಡ 65 ಸೆಂ.ಮೀ. ದಾಟಿದೆ, ಬೆಳಗಿನ ತಿಂಡಿ, ಮಧ್ಯಾಹ್ನದ ಅನ್ನ ಸಾರು ಪೂರ್ತಿ ಇದರಲ್ಲೇ ಆಗಿ, ಸಂಜೆಗೆ ಸ್ವಲ್ಪ ಉಳಿಯುತ್ತದೆ. ಗುಂಡಿ ತೆರೆಯುವ ಯೋಚನೆಯನ್ನು ಬಿಟ್ಟಿದ್ದೇವೆ. ಸಗಣಿಯೇ ಕಡಿಮೆ ಎಂದ ಮೇಲೆ ಅಡುಗೆಮನೆಯ ತ್ಯಾಜ್ಯ, ಹಲಸಿನ ಸಿಪ್ಪೆ ಸೇರಿಸಬಹುದೇ?

ಗುಮ್ಮಟ

ಇನ್ನೂ ಕೆಲವು ವಾರ ಬರೀ ಸಗಣಿಯೇ ಇರಲಿ. ಆಮೇಲೆ ಉಳಿದ ಅನ್ನ, ಗಂಜಿ, ತರಕಾರಿ ಸಿಪ್ಪೆಗಳನ್ನು ದಿನಕ್ಕೆ ಒಂದು ಕಿಲೋ ಮೀರದಂತೆ ಆರಂಭಿಸಿ. ಅನ್ನದಂಥವು ಸಗಣಿಗಿಂತ ಬೇಗ ಕೊಳೆತು ಹೆಚ್ಚು ಅನಿಲ ಕೊಡುತ್ತವೆ, ಒಟ್ಟಿಗೆ ಸುರಿದರೆ ಅಷ್ಟೇ ಬೇಗ ಗುಂಡಿಯನ್ನು ಹುಳಿ ಮಾಡುತ್ತವೆ. ಹಲಸಿನ ಸಿಪ್ಪೆಯನ್ನು ಸಣ್ಣಗೆ ಕೊಚ್ಚಿ ಒಂದು ದಿನ ನೆನೆಸಿ ಹಾಕಿ. ಹಾಗೇ ಎಸೆದರೆ ತೇಲುತ್ತದೆ, ಹಸುವಿಗೆ ಹಾಕುವುದು ಅದಕ್ಕಿಂತ ಲೇಸು. ಲಿಂಬೆ, ಕಂಚಿಯ ಸಿಪ್ಪೆ ಮತ್ತು ಉಪ್ಪಿನಕಾಯಿಯ ರಸ ಬೇಡವೇ ಬೇಡ. ಉರಿ ಹೊತ್ತಿಕೊಳ್ಳಲು ತಡವಾಗತೊಡಗಿದರೆ ಅದೇ ದಿನ ಇವೆಲ್ಲವನ್ನೂ ನಿಲ್ಲಿಸಿ, ವಾರದ ಮಟ್ಟಿಗೆ ಅರ್ಧದಷ್ಟು ಸಗಣಿಯನ್ನು ಮಾತ್ರ ಹಾಕಿ.