ಹ್ಯಾಂಡ್‌ಪ್ಯಾನ್: ಟ್ಯೂನರ್ ಸರಿ ಅನ್ನುತ್ತೆ, ಕಿವಿ ಒಪ್ಪಲ್ಲ

ಕಡಲತಡಿ:
ನಮಸ್ಕಾರ. ಉಡುಪಿ ಹತ್ತಿರ ನಮ್ಮ ಮನೆ. ದೀಪಾವಳಿ ಹೊತ್ತಿಗೆ ಒಂದು ಡಿ ಕುರ್ಡ್ (ಡಿ ಸ್ವರದ ಮೇಲೆ ಕಟ್ಟಿದ ಒಂದು ಸ್ವರಶ್ರೇಣಿ) ಹ್ಯಾಂಡ್‌ಪ್ಯಾನ್ ಸೆಕೆಂಡ್‌ಹ್ಯಾಂಡ್‌ನಲ್ಲಿ ತಗೊಂಡೆ. ಎರಡು ಉಕ್ಕಿನ ಬೋಗುಣಿ ಬಾಯಿಗೆ ಬಾಯಿ ಕೂಡಿಸಿದ ಹಾಗಿರೋ, ಕೈಯಲ್ಲಿ ತಟ್ಟಿ ನುಡಿಸೋ ವಾದ್ಯ. 9 ಸ್ವರ, ನೈಟ್ರೈಡ್ ಸ್ಟೀಲ್ (ಮೇಲ್ಮೈಯನ್ನ ನೈಟ್ರೋಜನ್‌ನಿಂದ ಗಟ್ಟಿ ಮಾಡಿದ ಉಕ್ಕು). ತಾರಸಿಯ ಶೀಟಿನ ಕೆಳಗೆ ಕೂತು ನುಡಿಸ್ತೀನಿ, ತಂಗಿ ಕೊಳಲು. ಮಧ್ಯಾಹ್ನ ಎಲ್ಲ ಸ್ವರವೂ ಚೂರು ಇಳಿದಿರುತ್ತೆ, ರಾತ್ರಿ ತಾನಾಗಿ ಸರಿ. ಆದರೆ ಮೇಲಿನ ಎ ಸ್ವರ ಮಾತ್ರ ಹಗಲು ರಾತ್ರಿ ‘ವಂವಂ’ ಅಂತ ಅಲೆಯುತ್ತೆ. ಮೊಬೈಲ್ ಟ್ಯೂನರ್ ಅದಕ್ಕೂ ಹಸಿರು ತೋರಿಸುತ್ತೆ! ಮಾರಿದವರು “ನುಡಿಸ್ತಾ ನುಡಿಸ್ತಾ ಸೆಟ್ ಆಗುತ್ತೆ” ಅಂತಾರೆ. ಹೌದಾ? ಕೊಟ್ಟು ಸ್ಟೇನ್‌ಲೆಸ್ ತಗೊಳ್ಳೋದು ವಾಸಿನಾ?

ಘಟದ ಮಾವ:
ನುಡಿಸ್ತಾ ಕೆಡೋದುಂಟು ಮಾರಾಯ್ರೆ, ಸರಿಹೋಗಿದ್ದನ್ನ ನಾನು ನೋಡಿಲ್ಲ.

ಮಧ್ಯಾಹ್ನದ ಇಳಿತಕ್ಕೆ ತಲೆ ಕೆಡಿಸ್ಕೋಬೇಡಿ. ಉಕ್ಕು ಕಾದರೆ ಶ್ರುತಿ ಇಳಿಯುತ್ತೆ, ತಣಿದರೆ ಏರುತ್ತೆ. ಕೊಳಲಿನದು ಉಲ್ಟಾ, ಒಳಗಿನ ಗಾಳಿ ಬಿಸಿಯಾದಷ್ಟೂ ಏರುತ್ತೆ. ಶೀಟಿನ ಕೆಳಗೆ ಅಣ್ಣ ತಂಗಿ ಜಗಳ ಆಡೋದು ಅದಕ್ಕೇ; ಒಳಗೆ ಬಂದು ಕೂರಿ. ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಿ ಮಾತ್ರ ಬಿಡಬೇಡಿ. ಆ ಕಾವಿಗೆ ಶ್ರುತಿ ಕದಲಿದರೆ ತಣಿದ ಮೇಲೂ ವಾಪಸ್ ಬರದೇ ಇರಬಹುದು.

ಎ ವಿಷಯ ಬೇರೆ. ಹ್ಯಾಂಡ್‌ಪ್ಯಾನಿನ ಒಂದೊಂದು ಸ್ವರದಲ್ಲೂ ಮೂರು ನಾದ ಕೂಡಿಸಿರ್ತಾರೆ: ಮೂಲ, ಅದರ ಮೇಲಿನ ಸ್ಥಾಯಿ, ಅದರಾಚೆಯ ಪಂಚಮ. ನಿಮ್ಮ ಎ 440 ಹರ್ಟ್ಸ್ (ಸೆಕೆಂಡಿಗೆ 440 ಕಂಪನ) ಆದರೆ ಜೊತೆಗೆ 880, 1320. ಟ್ಯೂನರ್ ಮೂಲವನ್ನಷ್ಟೇ ಹಿಡಿದು ಹಸಿರು ದೀಪ ಹಾಕುತ್ತೆ. ಇನ್ನೂ ಒಂದಿದೆ. ನಡುವಿನ ಉಬ್ಬಿದ ಸ್ವರಕ್ಕೆ ಡಿಂಗ್ ಅಂತಾರೆ; ನಿಮ್ಮದರಲ್ಲಿ ಅದು ಡಿ, ಸುಮಾರು 146.8. ಮೂರರಿಂದ ಗುಣಿಸಿ: 440.5! ಕೆಳಗಿನ ಎ 220, ಅದರ ಮೇಲಿನ ಸ್ಥಾಯಿಯೂ 440. ಅಂದರೆ ನೀವು ಮೇಲಿನ ಎ ತಟ್ಟಿದಾಗ ಇನ್ನಿಬ್ಬರು ದನಿಗೂಡಿಸ್ತಾರೆ. ಅವರಲ್ಲಿ ಒಬ್ಬ 442ಕ್ಕೆ ಜರುಗಿದ್ದರೂ ಸೆಕೆಂಡಿಗೆ ಎರಡು ಸಲ ಅಲೆ ಕೇಳುತ್ತೆ.

ಬೆಳಿಗ್ಗೆ ತಂಪಲ್ಲಿ ಪರೀಕ್ಷೆ ಮಾಡಿ. ಡಿಂಗ್ ಮೇಲೆ ಅಂಗೈ ಒತ್ತಿ ಹಿಡಿದು ಎ ತಟ್ಟಿ. ಆಮೇಲೆ ಕೆಳಗಿನ ಎ ಒತ್ತಿ ತಟ್ಟಿ. ಯಾವುದನ್ನ ಒತ್ತಿದಾಗ ಅಲೆ ನಿಲ್ಲುತ್ತೋ ಅದೇ ಕಳ್ಳ. ಎರಡಕ್ಕೂ ನಿಲ್ಲದಿದ್ದರೆ ಎ ಒಳಗೇ ಎಡವಟ್ಟು.

(ನಾನು ಘಟದವನು, ಇದಕ್ಕೂ ನನಗೂ ಏನು ಸಂಬಂಧ ಅಂತ ಕೇಳೋರಿಗೆ: ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಫೆಲಿಕ್ಸ್ ರೋನರ್, ಸಬೀನಾ ಷೇರರ್ 2000ದಲ್ಲಿ ಇದರ ಮೂಲವಾದ ‘ಹಾಂಗ್’ ಮಾಡಿದ್ದು, ಘಟ ಬಲ್ಲ ರೆಟೊ ವೆಬರ್ ಕೈಯಲ್ಲಿ ನುಡಿಸೋ ಉಕ್ಕಿನ ವಾದ್ಯ ಬೇಕು ಅಂದಿದ್ದಕ್ಕೆ.)

ಮಲೆನಾಡ ಮಳೆ:
ಸ್ಟೇನ್‌ಲೆಸ್ ತಗೊಂಡರೆ ತುಕ್ಕಿನ ಕಾಟ ಕಮ್ಮಿ, ಕಡಲ ಗಾಳಿಗೆ ಅದು ದೊಡ್ಡ ಮಾತೇ. ಆದರೆ ನಾದ ಜಾಸ್ತಿ ಹೊತ್ತು ನಿಲ್ಲುತ್ತೆ, ವೇಗವಾಗಿ ನುಡಿಸಿದರೆ ಒಂದರ ಮೇಲೊಂದು ಕಲಸಿಹೋಗುತ್ತೆ. ನಾನು ನೈಟ್ರೈಡ್ ಬಿಟ್ಟಿಲ್ಲ. ನುಡಿಸಿದ ಮೇಲೆ ಬೆವರು ಒರೆಸಿ, ಆಗಾಗ ತೆಳುವಾಗಿ ಎಣ್ಣೆ ಸವರಿಡ್ತೀನಿ. ಒದ್ದೆ ಇದ್ದಾಗ ಚೀಲಕ್ಕೆ ಹಾಕಲ್ಲ, ಅಷ್ಟೇ.

ಕಡಲತಡಿ:
ಮಾವ, ಡಿಂಗ್ ಒತ್ತಿದ ಕೂಡಲೇ ಅಲೆ ನಿಂತಿತು! ಕೆಳಗಿನ ಎ ಒತ್ತಿದರೆ ಏನೂ ಬದಲಾಗಲಿಲ್ಲ. ಡಿಂಗ್ ಒಂದನ್ನೇ ತಟ್ಟಿದರೆ ಚೆನ್ನಾಗೇ ಇದೆಯಲ್ಲ?

ಘಟದ ಮಾವ:
ಅದರ ಮೂಲ ಚೆನ್ನಾಗಿದೆ, ಪಂಚಮ ಜಾರಿದೆ. ಹಳೇ ಯಜಮಾನರು ಡಿಂಗ್ ಮೇಲೆ ಮುಷ್ಟಿ ಪ್ರಯೋಗ ಮಾಡಿರಬೇಕು. ಟ್ಯೂನರ್ ಹತ್ತಿರ ಕಳಿಸಿ (ಮೊಬೈಲ್ ಅಲ್ಲ, ಸುತ್ತಿಗೆ ಹಿಡಿಯೋ ಮನುಷ್ಯ), ಪಂಚಮ ಅಂತ ಚೀಟಿ ಬರೆದು ಅಂಟಿಸಿ. ಮನೆಯಲ್ಲಿ ಸುತ್ತಿಗೆ ಮುಟ್ಟಬೇಡಿ. ಒಂದನ್ನ ಸರಿಮಾಡಹೋದರೆ ಪಕ್ಕದ್ದು ಕದಲುತ್ತೆ. ಖರ್ಚು ಎಷ್ಟು ಅಂತ ಮೊದಲೇ ಕೇಳಿ, ಮಾರಿದವರಿಗೂ ಒಂದು ಫೋನ್ ಮಾಡಿ.