ಪದಚರ್ಚೆ: ಗೋದಲಿ ಅಂದರೆ ಮೇವಿನ ತೊಟ್ಟಿಯೋ, ಇಡೀ ಕೊಟ್ಟಿಗೆಯೋ?

ಎಲ್ಲರಿಗೂ ನಮಸ್ಕಾರ.

‘ಗೋದಲಿ’ ಪದವನ್ನು ನಿಮ್ಮ ಕಡೆ ಹೇಗೆ ಬಳಸುತ್ತಾರೆ ಎಂದು ತಿಳಿಯಬೇಕಿತ್ತು. ದಾವಣಗೆರೆಯ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಈ ಪದ ಎಲ್ಲರ ಬಾಯಲ್ಲೂ ಇರುತ್ತದೆ. ‘ಗೋದಲಿ ಕಟ್ಟಿದ್ರಾ?’, ‘ಚರ್ಚಿನ ಗೋದಲಿ ನೋಡ್ಕೊಂಡು ಬಂದ್ವಿ’, ‘ಈ ಸಲ ಯಾರ ಮನೆ ಗೋದಲಿಗೆ ಬಹುಮಾನ?’ ಹೀಗೆ. ಇಲ್ಲೆಲ್ಲ ಗೋದಲಿ ಅಂದರೆ ಹುಲ್ಲಿನ ಗುಡಿಸಲು, ಅದರೊಳಗಿನ ಯೇಸುವಿನ ತಾಯಿ ಮರಿಯ, ಜೋಸೆಫ್, ಕುರುಬರು, ಎತ್ತು, ಕುರಿ, ಮೇಲೆ ತೂಗುವ ನಕ್ಷತ್ರ ಎಲ್ಲ ಸೇರಿದ ಇಡೀ ದೃಶ್ಯ. ಆದರೆ ಹಳ್ಳಿಯಲ್ಲಿ ದನ ಸಾಕಿದವರನ್ನು ಕೇಳಿ ನೋಡಿ. ಅವರ ಬಾಯಲ್ಲಿ ಅದು ‘ಗ್ವಾದ್ಲಿ’. ದನದ ಮುಂದೆ ಮೇವು ಹಾಕುವ ತೊಟ್ಟಿ ಅಷ್ಟೇ. ಅದರ ಮೇಲಿನ ಸೂರಿಗೆ ಆ ಹೆಸರಿಲ್ಲ.

ನಾನು ಬೆಳೆದ ಮನೆಯಲ್ಲಿ ಈ ಎರಡು ಅರ್ಥಗಳೂ ಒಟ್ಟಿಗೆ ಓಡಾಡುತ್ತಿದ್ದವು. ಅಜ್ಜಿ ಹರಿಹರದ ಕಡೆಯ ಹಳ್ಳಿಯವರು. ಹಬ್ಬಕ್ಕೆ ಇನ್ನೂ ಹತ್ತು ಹನ್ನೆರಡು ದಿನ ಇರುವಾಗಲೇ ರಾಗಿ ನೆನೆ ಹಾಕುತ್ತಿದ್ದರು. ತೆಂಗಿನ ಚಿಪ್ಪುಗಳಿಗೆ ಕೆಮ್ಮಣ್ಣು, ಪುಡಿ ಮಾಡಿದ ಒಣಗೊಬ್ಬರ ತುಂಬಬೇಕು. ನೆನೆದ ರಾಗಿಯನ್ನು ಮೇಲೆ ತೆಳ್ಳಗೆ ಹರಡಬೇಕು. ಒತ್ತಾಗಿ ಹಾಕಿದರೆ ಕೊಳೆತು ಹೋಗುತ್ತದೆ. ಒದ್ದೆ ಗೋಣಿಚೀಲ ಹೊದಿಸಿ ಮೂಲೆಯಲ್ಲಿಟ್ಟು, ಮೊಳಕೆ ಬಿಳಿಯಾಗಿ ಮೂತಿ ತೋರಿಸಿದ ಮೇಲೆ ಬೆಳಗಿನ ಬಿಸಿಲಿಗೆ ಇಡಬೇಕು. ಬಿಸಿಲು ಕಾಣದಿದ್ದರೆ ಹಳದಿ ಹಳದಿಯಾಗಿಯೇ ಉಳಿದುಬಿಡುತ್ತದೆ. ನೀರು ಚಿಮುಕಿಸುವ ಕೆಲಸ ನಮ್ಮದು. ಹಬ್ಬದ ಹೊತ್ತಿಗೆ ಎರಡು ಬೆರಳೆತ್ತರ ಬೆಳೆದ ಆ ಹಸಿರೇ ಬೆತ್ಲೆಹೇಮಿನ ಹುಲ್ಲುಗಾವಲು.

ಗುಡಿಸಲ ಸೂರಿಗೆ ಭತ್ತದ ಹುಲ್ಲು. ಆಗಷ್ಟೇ ಭದ್ರಾ ನಾಲೆಯ ಗದ್ದೆಗಳಲ್ಲಿ ಕೊಯ್ಲು ಮುಗಿದಿರುತ್ತಿತ್ತು, ಹಾಗಾಗಿ ದೊಡ್ಡಪ್ಪ ತರುತ್ತಿದ್ದ ಹುಲ್ಲಿಗೆ ಇನ್ನೂ ಗದ್ದೆಯ ವಾಸನೆ ಇರುತ್ತಿತ್ತು. ಅಪ್ಪ ಅಡಿಕೆ ಹಾಳೆಯನ್ನು ಕತ್ತರಿಸಿ, ಎರಡೂ ತುದಿ ಮಡಚಿ, ಮುಳ್ಳು ಚುಚ್ಚಿ ಪುಟ್ಟದೊಂದು ತೊಟ್ಟಿ ಮಾಡುತ್ತಿದ್ದರು. ನಾವು ಮಕ್ಕಳು ‘ಗೋದಲಿ ರೆಡಿ ಆಯ್ತು’ ಎಂದು ಗುಡಿಸಲು ತೋರಿಸಿದರೆ ಅಜ್ಜಿ ಪ್ರತಿ ವರ್ಷ ತಿದ್ದುತ್ತಿದ್ದರು: ‘ಅದು ಕೊಟ್ಟಿಗೆ ಕಣಪ್ಪ. ಗ್ವಾದ್ಲಿ ಒಳಗೈತಿ ನೋಡು.’ ಆ ಹಾಳೆಯ ತೊಟ್ಟಿ 24ರ ರಾತ್ರಿವರೆಗೂ ಖಾಲಿ. ಚರ್ಚಿನಲ್ಲಿ ನಡುರಾತ್ರಿಯ ಬಲಿಪೂಜೆ (ಮಾಸ್) ಮುಗಿಸಿ ಬಂದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಬಾಲಯೇಸುವನ್ನು ಅದರಲ್ಲಿ ಮಲಗಿಸಬೇಕು.

ಬೆಳಿಗ್ಗೆ ಅಮ್ಮ ಕರ್ಚಿಕಾಯಿ, ಚಕ್ಲಿ ತಟ್ಟೆಗೆ ಹಾಕಿ ಅಕ್ಕಪಕ್ಕ ಹಂಚಲು ಕಳಿಸುತ್ತಿದ್ದರು. ಮಂಗಳೂರಿನಿಂದ ಬಂದು ನೆಲೆಸಿದ್ದ ಮನೆಯಿಂದ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆ ಬರುತ್ತಿತ್ತು, ಅದರಲ್ಲಿ ಕಿಡಿಯೊ ಎಂಬ ಸಿಹಿ ನಮಗೆ ಪಂಚಪ್ರಾಣ. ಆ ಆಂಟಿ ನಮ್ಮ ಗೋದಲಿಯನ್ನು ಕೊಂಕಣಿಯಲ್ಲಿ ‘ಗೊಟೊ’ ಅನ್ನುತ್ತಿದ್ದರು. ಗೊಟೊ ಅಂದರೆ ದನದ ಕೊಟ್ಟಿಗೆ. ತಮಿಳು ಮಾತಾಡುವ ಕ್ರೈಸ್ತರು ‘ಕುಡಿಲ್’ ಅನ್ನುತ್ತಾರೆ, ಅಂದರೆ ಗುಡಿಸಲು. ಅವರಿಬ್ಬರೂ ಸೂರಿನ ಹೆಸರು ಹಿಡಿದರು. ಕನ್ನಡದವರು ತೊಟ್ಟಿಯ ಹೆಸರು ಹಿಡಿದೆವು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿ ಇಟ್ಟು, ಪಕ್ಕದಲ್ಲಿ ನಿಜವಾದ ಎತ್ತು, ಕತ್ತೆ ನಿಲ್ಲಿಸಿ ಕ್ರಿಸ್ಮಸ್ ಆಚರಿಸಿದರು. ಈ ಪದ್ಧತಿ ಹರಡಿದ್ದು ಅಲ್ಲಿಂದ. ಫ್ರೆಂಚಿನ ‘ಕ್ರೆಶ್’, ಜರ್ಮನ್ನಿನ ‘ಕ್ರಿಪ್ಪೆ’, ಇಂಗ್ಲಿಷಿನ ‘ಕ್ರಿಬ್’ ಎಲ್ಲವೂ ಮೊದಲು ಮೇವಿನ ತೊಟ್ಟಿಯೇ. ಆಮೇಲೆ ಇಡೀ ದೃಶ್ಯಕ್ಕೆ ಹೆಸರಾದವು. ಅಂದರೆ ಗೋದಲಿಯ ಅರ್ಥ ಹಿಗ್ಗಿದ್ದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಆದರೆ ತೊಟ್ಟಿ ಎಂಬ ಅರ್ಥ ಅಳಿಸಿಹೋಗಬಾರದು ಎಂಬುದು ನನ್ನ ಆಸೆ. ಯಾಕೆಂದರೆ ಯೇಸು ಹುಟ್ಟಿದ ಕಥೆ ನಿಂತಿರುವುದೇ ಅದರ ಮೇಲೆ. ಆ ಕಥೆ ಬರುವ ಬೈಬಲಿನ ಲೂಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಕೊಟ್ಟಿಗೆಯ ಮಾತೇ ಇಲ್ಲ. ಎತ್ತು, ಕತ್ತೆಯೂ ಇಲ್ಲ. ಅಲ್ಲಿರುವುದು ಗೋದಲಿ ಒಂದೇ. ಎತ್ತು ಕತ್ತೆಗಳನ್ನು ಜನ ಆಮೇಲೆ ಬೈಬಲಿನದೇ ಯೆಶಾಯನ ಗ್ರಂಥದ 1:3ರಿಂದ ತಂದು ಸೇರಿಸಿಕೊಂಡರು. ಎತ್ತು ತನ್ನ ಯಜಮಾನನನ್ನು, ಕತ್ತೆ ತನ್ನ ಒಡೆಯನ ಗೋದಲಿಯನ್ನು ಬಲ್ಲದು ಎಂಬ ಮಾತು ಅಲ್ಲಿದೆ.

ಇನ್ನೊಂದು ವಿಷಯ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ನಮ್ಮ ಕಡೆಯ ಹಳೆಯ ಹಳ್ಳಿ ಮನೆಗಳಲ್ಲಿ ದನಕ್ಕೆ ಬೇರೆ ಕೊಟ್ಟಿಗೆ ಇರುತ್ತಿರಲಿಲ್ಲ. ತಲೆಬಾಗಿಲು ದಾಟಿದರೆ ಮೊದಲು ಸಿಗುವ ತಗ್ಗಿನ ಜಾಗವೇ ದನದಕ್ಕಿ, ಅಂದರೆ ದನದ ಹಕ್ಕೆ. ಅದಕ್ಕಿಂತ ಮೇಲೆ ಪಡಸಾಲೆ. ಎರಡರ ನಡುವಿನ ಅಂಚಿನಲ್ಲಿ ಗ್ವಾದ್ಲಿ. ಪಡಸಾಲೆಯಲ್ಲಿ ಕೂತವರು ಕೈ ಚಾಚಿದರೆ ಎತ್ತಿನ ಹಣೆ ಸಿಗುತ್ತದೆ. ಪ್ಯಾಲೆಸ್ಟೀನಿನ ಹಳೆಯ ಹಳ್ಳಿ ಮನೆಗಳೂ ಹೀಗೇ ಇದ್ದವು. ದನಕ್ಕೆ ತಗ್ಗು, ಮನೆಯವರಿಗೆ ‘ಮಸ್ತಬಾ’ ಎಂಬ ಎತ್ತರದ ಜಗಲಿ. ಲೂಕ 2:7ರಲ್ಲಿ ನಮ್ಮ ಹಳೆಯ ಬೈಬಲ್ ‘ಛತ್ರ’ ಎಂದಿರುವ ಕಡೆ ಗ್ರೀಕ್ ಮೂಲದಲ್ಲಿರುವ ಪದ ‘ಕಟಾಲುಮಾ’. ಯೇಸುವಿನ ಕೊನೆಯ ರಾತ್ರಿಯ ಊಟ ನಡೆದ ಕೋಣೆಗೂ ಲೂಕ ಅದೇ ಪದ ಬಳಸುತ್ತಾನೆ (22:11). ಅದೇ ಸುವಾರ್ತೆಯ ದಯಾಳು ಸಮಾರಿಯದವನ ಕಥೆಯಲ್ಲಿ ಬರುವ ಛತ್ರಕ್ಕೆ ಬೇರೆಯೇ ಪದವಿದೆ. ಹಾಗಾಗಿ ಅತಿಥಿಗಳ ಕೋಣೆ ತುಂಬಿತ್ತು, ಮಗುವನ್ನು ಮನೆಯೊಳಗಿನ ಗೋದಲಿಯಲ್ಲೇ ಮಲಗಿಸಿದರು ಎಂದು ಓದುವ ವಿದ್ವಾಂಸರಿದ್ದಾರೆ. ಊರಾಚೆಯ ಒಂಟಿ ಕೊಟ್ಟಿಗೆಗಿಂತ ಜನ, ದನ, ಒಲೆ ಎಲ್ಲ ಇರುವ ಮನೆಯೇ ನನಗೆ ಸರಿ ಕಾಣುತ್ತದೆ. ದನದಕ್ಕಿ ಇದ್ದ ಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಈಗ ನನ್ನ ಪ್ರಶ್ನೆಗಳು. ನಿಮ್ಮ ಊರಲ್ಲಿ ಮೇವಿನ ತೊಟ್ಟಿಗೆ ಗೋದಲಿ, ಗ್ವಾದ್ಲಿ ಎಂಬ ಪದ ಇನ್ನೂ ಬಳಕೆಯಲ್ಲಿದೆಯಾ, ಇಲ್ಲ ಬೇರೆ ಹೆಸರಿದೆಯಾ? ಚಿತ್ರದುರ್ಗದ ಕಡೆಯವರು ದಯವಿಟ್ಟು ಹೇಳಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ದೇವರ ಎತ್ತುಗಳು (ದೇವರಿಗೆ ಬಿಟ್ಟ ಎತ್ತುಗಳು) ಬಯಲಿನ ರೊಪ್ಪದಲ್ಲಿ, ಅಂದರೆ ಬೇಲಿ ಹಾಕಿದ ದೊಡ್ಡಿಯಲ್ಲಿ ಇರುತ್ತವೆ. ಅಲ್ಲಿ ತೊಟ್ಟಿಯ ಬಳಕೆ ಇದೆಯೇ, ಇದ್ದರೆ ಏನನ್ನುತ್ತಾರೆ? ಹಾಗೆಯೇ, ಯಾರ ಮನೆಯಲ್ಲಾದರೂ ಹಳೆಯ ಕನ್ನಡ ಕ್ರಿಸ್ಮಸ್ ಹಾಡುಗಳ ಕೈಬರಹದ ಪುಸ್ತಕ ಇದ್ದರೆ ಗೋದಲಿ ಬರುವ ಸಾಲುಗಳನ್ನು ಇಲ್ಲಿ ಹಾಕಿ. ‘ಗೋದಲಿಯಲ್ಲಿ ಮಲಗಿದ’ ಎಂದಿದೆಯೋ, ‘ಗೋದಲಿಯಲ್ಲಿ ಹುಟ್ಟಿದ’ ಎಂದಿದೆಯೋ ನೋಡಿ. ‘ಹುಟ್ಟಿದ’ ಎಂದಿದ್ದರೆ ಆ ಹಾಡು ಕಟ್ಟಿದವರಿಗೆ ಗೋದಲಿ ಆಗಲೇ ಇಡೀ ಕೊಟ್ಟಿಗೆಯಾಗಿತ್ತು ಎಂದು ತಿಳಿಯಬಹುದು. ಬರೆದ ಇಸವಿ ಗೊತ್ತಿದ್ದರೆ ಅದನ್ನೂ ಸೇರಿಸಿ.